ಸಾನ್ ಮಾರ್ತಿನೊ ಮಾಡುವ ದಿನ

ಮಾರ್ಸೇಲ್ಸ್
4 ಸೆಪ್ಟೆಂಬರ್ 1983

ಪ್ರೀತಿಯ ಸೆಕೊಂಡೊ ಮಾವನವರಿಗೆ,

ಕೈಬರಹ ನೋಡಿ ಯಾರಪ್ಪ ಇದು ಎಂದುಕೊಳ್ಳಬೇಡಿ. ನಾನು ಒದೀಲ್, ನಿಮ್ಮ ಅಕ್ಕ ಒನೊರೀನಾಳ ಮಗಳು. ಪ್ರತಿ ಕ್ರಿಸ್‌ಮಸ್ಸಿಗೆ ನೀವು ಕಳಿಸುವ ಕಾರ್ಡಿನಲ್ಲಿ ‘ಮಗುವಿಗೆ ಆಶೀರ್ವಾದ’ ಎಂದು ಬರೆಯುತ್ತೀರಲ್ಲ, ಆ ಮಗು ನಾನೇ. ಈಗ ಮೂವತ್ತೊಂದು ವರ್ಷ, ಔಷಧಿ ಅಂಗಡಿಯಲ್ಲಿ ಕೆಲಸ. ಇಟಾಲಿಯನ್ ಭಾಷೆಯನ್ನು ನಾನು ಶಾಲೆಯಲ್ಲಿ ಕಲಿತದ್ದು. ಸೂಸಾದ ಕಡೆಯ ಮಾತು ಅಮ್ಮ ಬೈಯುವಾಗ ಕಿವಿಗೆ ಬಿದ್ದಷ್ಟೇ ಗೊತ್ತು. ತಪ್ಪಿದ್ದರೆ ತಿದ್ದಿಕೊಂಡು ಓದಿ.

ನೇರವಾಗಿ ಹೇಳಿಬಿಡುತ್ತೇನೆ. ಅಮ್ಮನ ಕಣ್ಣು ಹೋಗುತ್ತಿದೆ. ಬರುವ ವಸಂತದ ಹೊತ್ತಿಗೆ ಏನೂ ಕಾಣಿಸದೆ ಹೋಗಬಹುದು, ಶಸ್ತ್ರಚಿಕಿತ್ಸೆಯಿಂದ ಪ್ರಯೋಜನವಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಅಮ್ಮ ಇದನ್ನು ಯಾರಿಗೂ ಹೇಳಗೊಡುವುದಿಲ್ಲ. “ಸೆಕೊಂಡೊಗೆ ಬರಿ, ನಾನು ಊರಿಗೆ ಬರ್ತೀನಿ ಅಂತ. ಕಣ್ಣಿನ ಸುದ್ದಿ ಎತ್ತಿದ್ರೆ ನಾಲಿಗೆ ಕಿತ್ತು ಕೈಗೆ ಕೊಡ್ತೀನಿ” ಎಂದಿದ್ದಾರೆ. ನಾನು ಎತ್ತಿದ್ದೇನೆ. ನಿಮಗೆ ಗೊತ್ತಿದೆ ಎಂದು ಅವರಿಗೆ ತೋರಿಸಿಕೊಳ್ಳಬೇಡಿ.

ಮೂವತ್ತನಾಲ್ಕು ವರ್ಷ ಯಾಕೆ ಹೋಗಲಿಲ್ಲ ಎಂದು ಕೇಳಿದರೆ, “ಮೊದ್ಲು ಪುರುಸೊತ್ತಿರ್ಲಿಲ್ಲ, ಆಮೇಲೆ ನಾಚಿಕೆ ಆಯ್ತು” ಎನ್ನುತ್ತಾರೆ. ಈಗ ಒಂದೇ ಹಟ. ಕೋಟೆಬಾಗಿಲ ಪಕ್ಕದ ಮನೆ, ಅಡುಗೆಮನೆಯ ಹಿಂದಿನ ಹಳೇ ಕೋಟೆಗೋಡೆ, ಅದಕ್ಕೆ ಒತ್ತಿಕೊಂಡು ತಾವು ಮಲಗುತ್ತಿದ್ದ ಜಾಗ, ಇಷ್ಟನ್ನೂ ಕಣ್ಣಿರುವಾಗ ಒಮ್ಮೆ ನೋಡಿಬಿಡಬೇಕಂತೆ. ಅದಕ್ಕಿಂತ ದೊಡ್ಡ ಆಸೆಯನ್ನು ನಾನು ಅವರ ಬಾಯಲ್ಲಿ ಕೇಳಿದ್ದೇ ಇಲ್ಲ.

ನನಗೆ ರಜೆ ಸಿಗುವುದು ಅಕ್ಟೋಬರ್ ಕೊನೆಯ ವಾರ, ಇಲ್ಲವೇ ನವೆಂಬರ್ ಹತ್ತರಿಂದ ಹದಿಮೂರರವರೆಗೆ. ನಿಮಗೆ ಯಾವುದು ಅನುಕೂಲ?

ನಿಮ್ಮ
ಒದೀಲ್


ಸೂಸಾ
17 ಸೆಪ್ಟೆಂಬರ್ 1983

ಒದೀಲ್‌ಗೆ,

ಮಗುವಿಗೆ ಮೂವತ್ತೊಂದು ವರ್ಷ ಎಂದು ತಿಳಿದು ಗಾಬರಿಯಾಯಿತು. ನಾನು ನಿನ್ನನ್ನು ಹನ್ನೆರಡಕ್ಕೇ ನಿಲ್ಲಿಸಿಬಿಟ್ಟಿದ್ದೆ.

ಕಣ್ಣಿನ ವಿಷಯ ಓದಿದೆ. ಏನು ಬರೆಯಬೇಕೋ ತಿಳಿಯದೆ ಪತ್ರವನ್ನು ನಾಲ್ಕು ದಿನ ಜೇಬಿನಲ್ಲೇ ಇಟ್ಟುಕೊಂಡು ತಿರುಗಿದೆ. ಈಗಲೂ ತಿಳಿದಿಲ್ಲ. ಬನ್ನಿ.

ಊರು ಇದ್ದಲ್ಲೇ ಇದೆ. ರೋಮನ್ನರ ಕಮಾನು ಎರಡು ಸಾವಿರ ವರ್ಷದಿಂದ ನಿಂತಿದೆ, ನಿಮಗಾಗಿ ಇನ್ನೆರಡು ತಿಂಗಳು ನಿಲ್ಲಲು ಅದರ ಅಭ್ಯಂತರವಿಲ್ಲ. ಪ್ರವಾಸಿಗಳು ಬಸ್ಸಿನಿಂದ ಇಳಿಯುತ್ತಾರೆ, ಶೌಚಾಲಯ ಎಲ್ಲಿ ಎಂದು ಕೇಳುತ್ತಾರೆ, ಆಮೇಲೆ ಚರಿತ್ರೆ ನೋಡುತ್ತಾರೆ. ಹಳೇ ಗೋಡೆಯ ಚಿತ್ರ ತೆಗೆಯುವವರು ನಮ್ಮ ಅಡುಗೆಮನೆಯ ಕಿಟಕಿಯನ್ನೂ ಸೇರಿಸಿಯೇ ತೆಗೆಯುತ್ತಾರೆ. ಒಳಗೆ ನಾನು ಬನಿಯನ್ನಿನಲ್ಲಿ ಕೂತಿರುತ್ತೇನೆ. ಎಷ್ಟು ದೇಶದ ಆಲ್ಬಮ್ಮುಗಳಲ್ಲಿ ಇದ್ದೇನೋ ನನಗೇ ಗೊತ್ತಿಲ್ಲ. ನಲವತ್ತು ವರ್ಷ ಊರಿನವರ ಛಾವಣಿಗೆ ಕಲ್ಲುಚಪ್ಪಡಿ ಹೊದಿಸಿದವನು ನಾನು. ಮಂಡಿ ಕೈಕೊಟ್ಟ ಮೇಲೆ ಕಿಟಕಿಯೇ ಗತಿ.

ದಿನ ಗೊತ್ತುಮಾಡುವಾಗ ಒಂದು ಮಾತು ಗಮನದಲ್ಲಿರಲಿ. ಈ ವರ್ಷ ನವೆಂಬರ್ ಹನ್ನೊಂದಕ್ಕೆ ನಾನು ಸಾನ್ ಮಾರ್ತಿನೊ ಮಾಡುತ್ತಿದ್ದೇನೆ. ನಮ್ಮಪ್ಪನ ಕಾಲದಿಂದ ಇಲ್ಲಿಯವರೆಗೆ ನಮ್ಮ ಮನೆಯಲ್ಲಿ ಯಾರೂ ಮಾಡಿರಲಿಲ್ಲ. ಅಕ್ಕನಿಗೆ ಈಗಲೇ ಹೇಳುವುದೋ ಬೇಡವೋ ನೀನೇ ನೋಡು. ಹೇಳುವುದಾದರೆ ಮೆಲ್ಲಗೆ ಹೇಳು. ಇದರ ಬಗ್ಗೆ ನಾನು ಇನ್ನು ಬರೆಯುವುದಿಲ್ಲ.

ಸೆಕೊಂಡೊ


ಮಾರ್ಸೇಲ್ಸ್
25 ಸೆಪ್ಟೆಂಬರ್ 1983

ಪ್ರೀತಿಯ ಮಾವ,

ಎಂಥ ಒಳ್ಳೆಯ ಸುದ್ದಿ! ಅಮ್ಮನಿಗೆ ಆಶ್ಚರ್ಯವಾಗಲಿ ಎಂದು ನೀವು ‘ಮೆಲ್ಲಗೆ ಹೇಳು’ ಎಂದಿರಿ. ನಾನೋ, ಪತ್ರ ಬಂದ ಸಂಭ್ರಮದಲ್ಲಿ ಗಟ್ಟಿಯಾಗಿ ಓದಿಬಿಟ್ಟೆ. ಕಣ್ಣಿನ ಸಾಲುಗಳನ್ನು ಮಾತ್ರ ನುಂಗಿಕೊಂಡೆ.

ಸಾನ್ ಮಾರ್ತಿನೊ ಎಂಬ ಮಾತು ಬಂದ ಕೂಡಲೇ ಅಮ್ಮ ಕೈಯಲ್ಲಿದ್ದ ಬಟಾಣಿ ಬಿಡಿಸುವುದನ್ನು ನಿಲ್ಲಿಸಿದರು. “ಇನ್ನೊಂದ್ಸಲ ಓದು” ಎಂದರು. ಓದಿದೆ. ಕಿಟಕಿಯ ಕಡೆ ಮುಖ ತಿರುಗಿಸಿ, “ಹನ್ನೊಂದಕ್ಕೇ ಹೋಗೋಣ. ಅದೇ ಸರಿ” ಎಂದರು. ಅಷ್ಟು ಸಂತೋಷವಾಗಿತ್ತು ಅವರಿಗೆ, ಬಟಾಣಿಯನ್ನೇ ಮರೆತರು. ಹನ್ನೊಂದನೇ ತಾರೀಕು ಮಹಾಯುದ್ಧ ಮುಗಿದ ದಿನವೆಂದು ಇಲ್ಲಿ ಹೇಗೂ ರಜೆ.

ಈ ವರ್ಷ ಸರದಿ ನಿಮ್ಮ ಮನೆಗೆ ಬಂದಿದೆ ಎಂದು ಕಾಣುತ್ತದೆ. ಸಂತ ಮಾರ್ತಿನನ ಕತೆ ಇಗರ್ಜಿಯಲ್ಲಿ ಕೇಳಿದ್ದೇನೆ, ಚಳಿಯಲ್ಲಿದ್ದ ಭಿಕ್ಷುಕನಿಗೆ ತನ್ನ ನಿಲುವಂಗಿಯನ್ನೇ ಕತ್ತರಿಸಿ ಕೊಟ್ಟವನು. ನಿಮ್ಮಲ್ಲಿ ಆ ದಿನ ಏನೇನು ಮಾಡುತ್ತಾರೆ? ಕುಣಿತ ಇರುತ್ತದೆಯೇ? ನಾವು ಕೇಕ್ ತರಲೇ, ವೈನ್ ತರಲೇ? ಹಬ್ಬಕ್ಕೆಂದು ನಾನು ಹೊಸ ಕೋಟು ಕೊಂಡಿದ್ದೇನೆ, ನೀಲಿ ಬಣ್ಣದ್ದು.

ಒದೀಲ್


ಸೂಸಾ
6 ಅಕ್ಟೋಬರ್ 1983

ಒದೀಲ್‌ಗೆ,

ಮಾರ್ಸೇಲ್ಸಿನ ಹಾಸ್ಯ ಹೀಗಿರುತ್ತದೆ ಎಂದು ಗೊತ್ತಿರಲಿಲ್ಲ. ಸಮುದ್ರದ ಗಾಳಿ ಇರಬೇಕು.

ಕೇಳಿದ್ದೀಯ, ಹೇಳುತ್ತೇನೆ. ಕುಣಿತವಿಲ್ಲ. ನಾಲ್ಕು ಜನ ಗಂಡಸರು ಹೊತ್ತುಕೊಂಡು ಮೂರು ಮಹಡಿ ಇಳಿಸುತ್ತಾರೆ. ಮೆಟ್ಟಿಲು ಕಿರಿದು, ತಿರುವಿನಲ್ಲಿ ಗೋಡೆಗೆ ತಾಗದಂತೆ ಓರೆ ಮಾಡಬೇಕು. ಕೆಳಗೆ ಪಕ್ಕದ ಮನೆಯ ಬತ್ತಿಸ್ತೀನೊ ತನ್ನ ಮೂರು ಚಕ್ರದ ಆಪೆ ಗಾಡಿ ನಿಲ್ಲಿಸಿಕೊಂಡಿರುತ್ತಾನೆ. ಬೀದಿಯವರೆಲ್ಲ ಕಿಟಕಿಗೆ ಬರುತ್ತಾರೆ. ಕೆಲವರು ಕಣ್ಣೊರೆಸಿಕೊಳ್ಳುತ್ತಾರೆ, ಮಿಕ್ಕವರು ಬಾಯಿ ಬಿಟ್ಟುಕೊಂಡು ನೋಡುತ್ತಾರೆ. ಹೊಸ ಕೋಟು ಬೇಡ. ಹಳೇ ಬಟ್ಟೆ ತಾ.

ಎಲ್ಲ ತಿಳಿದೂ ಅಕ್ಕ ಅದೇ ದಿನ ಬರುತ್ತೇನೆ ಎಂದರೆ ನಾನು ಬೇಡ ಎನ್ನುವವನಲ್ಲ. ಚಿಕ್ಕವಳಿದ್ದಾಗಲೂ ಬೇರೆಯವರ ಮನೆಯ ಸಾವಿಗೆ ಮೊದಲು ಹೋಗಿ ಮುಂದಿನ ಸಾಲಿನಲ್ಲಿ ನಿಲ್ಲುತ್ತಿದ್ದಳು. ಆದರೆ ಸಂತೋಷ ಯಾಕೋ ಅರ್ಥವಾಗಲಿಲ್ಲ.

ಸೆಕೊಂಡೊ


ಮಾರ್ಸೇಲ್ಸ್
14 ಅಕ್ಟೋಬರ್ 1983

ಪ್ರೀತಿಯ ಮಾವ,

ಮೂರು ಮಹಡಿ ಇಳಿಸುತ್ತಾರೆಯೇ! ಅಂದರೆ ಸಂತನ ವಿಗ್ರಹವನ್ನು ಮೇಲೆ ನಿಮ್ಮ ಮನೆಯಲ್ಲೇ ಇಟ್ಟಿರುತ್ತೀರಿ. ಕುದುರೆಯ ಸಮೇತವೇ? ತುಂಬಾ ಭಾರವಿರಬೇಕು. ನಿಮ್ಮ ಮಂಡಿಯ ಸ್ಥಿತಿಯಲ್ಲಿ ನೀವು ಹೊರುವುದು ಬೇಡ, ಬೇರೆ ಯಾರಿಗಾದರೂ ಆ ಪುಣ್ಯ ಸಿಗಲಿ.

ವಿಗ್ರಹ ಹೊರುವ ವಿಷಯ ಹೇಳಿದಾಗ ಅಮ್ಮ ಜೋರಾಗಿ ನಕ್ಕರು. ಬೇಸಿಗೆಯ ನಂತರ ಅವರು ನಕ್ಕಿದ್ದು ಅದೇ ಮೊದಲು. “ಹೌದೌದು, ಬಲು ಭಾರ. ಎರಡು ಬಾಗಿಲಿನ ಸಂತ” ಎಂದರು. ಏನೋ ನಿಮ್ಮ ಕಡೆಯ ತಮಾಷೆ ಇರಬೇಕು.

ಅಮ್ಮ ಈಚೆಗೆ ಹಟಮಾರಿಯಾಗಿದ್ದಾರೆ. ಸಂಜೆ ದೀಪ ಹಾಕಿದರೂ ಒಂದೇ, ಹಾಕದಿದ್ದರೂ ಒಂದೇ, ಸುಮ್ಮನೆ ಕೂತಿರುತ್ತಾರೆ. “ನನಗೆ ಬೇಕಾದಷ್ಟು ಕಾಣತ್ತೆ” ಎನ್ನುತ್ತಾರೆ. ರೈಲಿನ ಟಿಕೆಟ್ ತೆಗೆಸಿದ್ದೇನೆ. ಹತ್ತನೇ ತಾರೀಕು ಸಂಜೆ ತಲುಪುತ್ತೇವೆ. ಅಮ್ಮ ತಮ್ಮ ಹಳೇ ಮಂಚದಲ್ಲೇ ಮಲಗಬೇಕಂತೆ, ದಯವಿಟ್ಟು ಸಿದ್ಧಮಾಡಿಸಿ.

ಒದೀಲ್


ಸೂಸಾ
22 ಅಕ್ಟೋಬರ್ 1983

ಒದೀಲ್‌,

ಯಾವ ವಿಗ್ರಹ? ಯಾವ ಕುದುರೆ?

ನಿನ್ನ ಪತ್ರವನ್ನು ಬತ್ತಿಸ್ತೀನೊನಿಗೆ ಓದಿ ಹೇಳಿದೆ. ಅವನು ಹೊಟ್ಟೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತುಬಿಟ್ಟ. “ಲೋ ಸೆಕೊಂಡೊ, ಆ ಹುಡುಗಿಗೆ ಗೊತ್ತಿಲ್ಲ ಕಣೋ! ನಿನ್ನ ಬೀರೂನ ಸಂತ ಅಂದ್ಕೊಂಡಿದಾಳೆ! ನೀನು ಒಂದು ತಿಂಗಳಿಂದ ಮುಖ ಊದಿಸ್ಕೊಂಡಿದ್ದು ಇದಕ್ಕಾ?” ಎಂದ. ಅವನು ಹೇಳುವವರೆಗೆ ನನಗೂ ಹೊಳೆದಿರಲಿಲ್ಲ. ಸಾನ್ ಮಾರ್ತಿನೊ ಮಾಡುವುದೆಂದರೆ ಏನೆಂದು ತಿಳಿಯದ ಮನುಷ್ಯರು ಇರಬಹುದೆಂದು ನನಗೆ ಐವತ್ತೇಳು ವರ್ಷದಲ್ಲಿ ಅನಿಸಿದ್ದೇ ಇಲ್ಲ.

ಹಿಂದೆ ಇಲ್ಲಿ ಬೇರೆಯವರ ಹೊಲ ಉಳುವವರ ಕರಾರು ಸಾನ್ ಮಾರ್ತಿನೊ ಹಬ್ಬಕ್ಕೆ ಮುಗಿಯುತ್ತಿತ್ತು. ಯಜಮಾನ ಬೇಡವೆಂದರೆ ಅವತ್ತು ಹಾಸಿಗೆ, ಪಾತ್ರೆ, ಕೋಳಿ, ಮಕ್ಕಳನ್ನು ಗಾಡಿಗೆ ಹೇರಿಕೊಂಡು ಹೊರಡಬೇಕು. ಈಗ ಹೊಲವೂ ಇಲ್ಲ ಗಾಡಿಯೂ ಇಲ್ಲ, ಮಾತು ಉಳಿದಿದೆ. ನಾವು ಮನೆ ಖಾಲಿ ಮಾಡುವುದಕ್ಕೆ ಸಾನ್ ಮಾರ್ತಿನೊ ಮಾಡುವುದು ಎನ್ನುತ್ತೇವೆ. ಜೂನಿನಲ್ಲಿ ಮಾಡಿದರೂ ಹೆಸರು ಅದೇ. ನನ್ನದು ತಾರೀಕೂ ಕೂಡಿಬಂದಿದೆ.

ಮನೆಯ ಯಜಮಾನರು ತೀರಿಕೊಂಡರು. ಅವರ ಮಕ್ಕಳು ಪ್ರವಾಸಿಗಳಿಗೆ ಕೋಣೆಗಳನ್ನು ಕಟ್ಟಿಸುತ್ತಾರಂತೆ, ಹಳೇ ಗೋಡೆ ಮಂಚದಿಂದಲೇ ಕಾಣುವಂತೆ. ನ್ಯಾಯವಾಗಿ ಒಂದು ವರ್ಷ ಮೊದಲೇ ಹೇಳಿದರು, ಜಗಳಕ್ಕೂ ಜಾಗವಿಟ್ಟಿಲ್ಲ. ಹನ್ನೊಂದನೇ ತಾರೀಕು ಮಧ್ಯಾಹ್ನ ಬೀಗದಕೈ ಕೊಡಬೇಕು. ನದಿಯ ಆಚೆ ಹೊಸ ಕಟ್ಟಡದಲ್ಲಿ ಎರಡು ಕೋಣೆ ಸಿಕ್ಕಿದೆ. ಲಿಫ್ಟ್ ಇದೆ. ನನ್ನ ಮಂಡಿಗೆ ಸಂತೋಷ, ನನಗಲ್ಲ.

ನಾಲ್ಕು ಜನ ಹೊತ್ತು ಇಳಿಸುವುದು ನಮ್ಮಮ್ಮನ ಎರಡು ಬಾಗಿಲಿನ ಬೀರುವನ್ನು. ನಾನು ಹುಟ್ಟಿದ ಮನೆ ಬಿಡುವ ದಿನ ಕೇಕ್ ತರಲೇ ಎಂದು ಕೇಳಿದೆಯಲ್ಲ, ನನಗೆ ಬಹಳ ನೋವಾಗಿತ್ತು. ನಿನ್ನ ಬಗ್ಗೆ ಕೆಟ್ಟದಾಗಿ ಅಂದುಕೊಂಡೆ, ಅದೂ ತಪ್ಪು.

ಈಗ ಕೇಳು. ಟಿಕೆಟ್ ಬದಲಿಸು. ಅಕ್ಟೋಬರ್ ಕೊನೆಯ ವಾರವೇ ಬನ್ನಿ. ಮಂಚವನ್ನು ಬಿಚ್ಚದೆ ಹಾಗೇ ಇಟ್ಟಿರುತ್ತೇನೆ. ಅಕ್ಕ ಮನೆಯನ್ನು ಮನೆಯಾಗಿರುವಾಗ ನೋಡಲಿ. ಹನ್ನೊಂದಕ್ಕೆ ಬಂದರೆ ಅಲ್ಲಿ ನೋಡಲು ಏನೂ ಇರುವುದಿಲ್ಲ.

ಸೆಕೊಂಡೊ


ಮಾರ್ಸೇಲ್ಸ್
29 ಅಕ್ಟೋಬರ್ 1983

ಪ್ರೀತಿಯ ಮಾವ,

ನಾಚಿಕೆಯಿಂದ ನನಗೆ ಎರಡು ದಿನ ಊಟ ಸೇರಲಿಲ್ಲ. ನಿಘಂಟು ತೆಗೆದು ನೋಡಿದೆ, ನನ್ನ ನಿಘಂಟಿನಲ್ಲಿ ಮಾರ್ತಿನೊ ಬರೀ ಸಂತ. ಕ್ಷಮಿಸಿ.

ನಿಮ್ಮ ಪತ್ರ ಕೈಸೇರುವ ಹೊತ್ತಿಗೆ ಅಕ್ಟೋಬರ್ ರಜೆ ಕೈತಪ್ಪಿತ್ತು, ಅಂಗಡಿಯಲ್ಲಿ ಇನ್ನೊಬ್ಬಳು ತೆಗೆದುಕೊಂಡಿದ್ದಳು. ಭಯಪಡುತ್ತಲೇ ಅಮ್ಮನಿಗೆ ನಿಜ ಹೇಳಿದೆ. ಅವರು ತಲೆಯೂ ಎತ್ತಲಿಲ್ಲ.

“ಗೊತ್ತಿತ್ತು.”

“ಏನು ಗೊತ್ತಿತ್ತು?”

“ನಾನು ಸೂಸಾದಲ್ಲಿ ಹುಟ್ಟಿದೋಳು ಕಣೇ. ಸಾನ್ ಮಾರ್ತಿನೊ ಅಂದ್ರೆ ಏನು ಅಂತ ನೀನು ನನಗೆ ಹೇಳ್ಕೊಡ್ತೀಯಾ?”

“ಮತ್ತೆ ಒಂದು ತಿಂಗಳಿಂದ ನಾನು ಹಬ್ಬ ಹಬ್ಬ ಅಂತ ಕುಣೀತಾ ಇದ್ದಾಗ ಸುಮ್ನಿದ್ರಲ್ಲ!”

“ಚೆನ್ನಾಗಿ ಕುಣೀತಿದ್ದೆ. ಯಾಕೆ ನಿಲ್ಲಿಸ್ಲಿ?”

ಖಾಲಿ ಮನೆ ನೋಡಲು ಅಷ್ಟು ದೂರ ಯಾಕೆ ಹೋಗಬೇಕು, ಬೇಡ ಎಂದೆ. “ಖಾಲಿ ಇದ್ರೇನೇ ಒಳ್ಳೇದು” ಎಂದರು. ಹಟ ಬಿಡುವುದಿಲ್ಲ. ನನಗೆ ಭಯ ಒಂದೇ. ಕಣ್ಣು ಹೋಗುವ ಮೊದಲು ಹುಟ್ಟಿದ ಮನೆ ನೋಡಬೇಕೆಂದು ಹೊರಟವರು ಕಡೆಗೆ ನಾಲ್ಕು ಬರೀ ಗೋಡೆ ನೋಡಿ ಬರುತ್ತಾರೆ. ಉಳಿದಷ್ಟು ದಿನ ಅದೇ ಅವರ ಕಣ್ಣಲ್ಲಿ ಇರುತ್ತದೆ.

ಒದೀಲ್


ಸೂಸಾ
3 ನವೆಂಬರ್ 1983

ಒದೀಲ್‌,

ಬನ್ನಿ. ಮಲಗಲು ಬತ್ತಿಸ್ತೀನೊನ ಮನೆಯಲ್ಲಿ ಏರ್ಪಾಡು ಮಾಡಿದ್ದೇನೆ. ಸ್ಟೇಷನ್ನಿಗೆ ಅವನೂ ನಾನೂ ಬರುತ್ತೇವೆ. ಕೇಕ್ ಬೇಕಾದರೆ ತಾ, ಬೀರು ಹೊರುವವರಿಗೆ ಆಗುತ್ತದೆ.

ಸೆಕೊಂಡೊ


ಮಾರ್ಸೇಲ್ಸ್
20 ನವೆಂಬರ್ 1983

ಪ್ರೀತಿಯ ಮಾವ,

ಸುಖವಾಗಿ ತಲುಪಿದೆವು. ಮೂರು ದಿನ ನೀವು ನೋಡಿಕೊಂಡದ್ದಕ್ಕೆ ಏನು ಹೇಳಲಿ? ಬತ್ತಿಸ್ತೀನೊ ಅವರಿಗೂ ನಮಸ್ಕಾರ ತಿಳಿಸಿ. ಸ್ಟೇಷನ್ನಿನಲ್ಲಿ ಅಮ್ಮ ಅವರ ಕೈ ಹಿಡಿದುಕೊಂಡು “ಸೆಕೊಂಡೊ, ಎಷ್ಟು ದಪ್ಪ ಆಗಿದೀಯೋ!” ಎಂದದ್ದನ್ನು ನೆನೆಸಿಕೊಂಡು ಈಗಲೂ ನಗುತ್ತೇನೆ. ಮೂವತ್ತನಾಲ್ಕು ವರ್ಷವಾದರೆ ಹಾಗೇ ಅಲ್ಲವೇ?

ನನ್ನ ಭಯವೆಲ್ಲ ಸುಳ್ಳಾಯಿತು. ಖಾಲಿ ಮನೆಯಲ್ಲಿ ಅಮ್ಮ ಎಷ್ಟು ಸಲೀಸಾಗಿ ಓಡಾಡಿದರು! ಇಲ್ಲಿ ನಮ್ಮ ಮನೆಯಲ್ಲಿ ದಿನಾ ಕುರ್ಚಿಗೆ ಕಾಲು ತಾಗಿಸಿಕೊಳ್ಳುವವರು ಅಲ್ಲಿ ಒಮ್ಮೆಯೂ ಎಡವಲಿಲ್ಲ. ಕಣ್ಣಿಗೆ ಮಬ್ಬು ಕವಿದಿರುವುದು ನಿಜ, ಆದರೆ ಡಾಕ್ಟರು ಹೇಳಿದಷ್ಟು ಬೇಗ ಹೋಗುವುದಿಲ್ಲ ಎಂದು ನನಗೆ ಧೈರ್ಯ ಬಂದಿದೆ. ಊರು ನೋಡಿದ್ದನ್ನು ಮನೆಗೆ ಬಂದವರಿಗೆಲ್ಲ ಹೇಳುತ್ತಾರೆ. ಕೋಟೆಬಾಗಿಲ ಪಕ್ಕದ ಅಂಜೂರದ ಮರ ಗೋಡೆಗೆ ಒರಗಿಕೊಂಡು ಹೇಗಿದೆ ಎಂದು ಕೈಯಲ್ಲಿ ತೋರಿಸುತ್ತಾರೆ. ನಾನು ಆ ಮರವನ್ನು ಗಮನಿಸಿಯೇ ಇರಲಿಲ್ಲ.

ಹಾಗಾಗಿ ಎರಡು ತೀರ್ಮಾನ ಮಾಡಿದೆ. ಕಣ್ಣಿಲ್ಲದವರಿಗೆ ಕೋಲು ಹಿಡಿದು ನಡೆಯುವುದನ್ನೂ ಮನೆಗೆಲಸವನ್ನೂ ಕಲಿಸುವ ಹೆಂಗಸೊಬ್ಬರನ್ನು ಡಿಸೆಂಬರಿಗೆ ಬರಹೇಳಿದ್ದೆ, ಮುಂದಿನ ವರ್ಷ ನೋಡೋಣ ಎಂದು ತಿಳಿಸಿದೆ. ತೂಲೋನ್ ಊರಿನ ನಮ್ಮ ಇನ್ನೊಂದು ಅಂಗಡಿಯ ಜವಾಬ್ದಾರಿಯನ್ನು ಒಪ್ಪಿಕೊಂಡೆ. ಜನವರಿಯಿಂದ ವಾರಕ್ಕೆ ಮೂರು ದಿನ ಅಲ್ಲೇ ಉಳಿಯಬೇಕು. ಅಮ್ಮನೇ “ಹೋಗು, ನನಗೇನಾಗಿದೆ” ಎಂದು ಹುರಿದುಂಬಿಸಿದರು. ಅಡುಗೆ ಅವರೇ ಮಾಡಿಕೊಳ್ಳುತ್ತಾರೆ. ಮೊನ್ನೆ ಬಾಣಲೆಯ ಎಣ್ಣೆ ಕೈಮೇಲೆ ಚೆಲ್ಲಿಕೊಂಡರು, ಯೋಚನೆ ಬೇರೆ ಕಡೆ ಇತ್ತಂತೆ.

ಒಂದು ಕುತೂಹಲ. ನಾನು ಫೊಕಾಚ್ಚ ಬ್ರೆಡ್ಡು ತರಲು ಹೋಗಿದ್ದಾಗ ಆ ಖಾಲಿ ಅಡುಗೆಮನೆಯಲ್ಲಿ ನೀವಿಬ್ಬರೂ ಏನು ಮಾತಾಡಿದಿರಿ? ವಾಪಸ್ಸು ಬಂದಾಗ ನಿಮ್ಮ ಮುಖ ಒಂದು ಥರಾ ಇತ್ತು.

ಒದೀಲ್


ಸೂಸಾ
27 ನವೆಂಬರ್ 1983

ಒದೀಲ್‌,

ಈ ಪತ್ರವನ್ನು ಅಮ್ಮನಿಗೆ ಓದಿ ಹೇಳಬೇಡ. ಮೊದಲು ನೀನೊಬ್ಬಳೇ ಓದು. ನಾನು ಕೊಟ್ಟ ಮಾತನ್ನು ಮುರಿಯುತ್ತಿದ್ದೇನೆ.

ಕೋಟೆಬಾಗಿಲ ಪಕ್ಕದ ಅಂಜೂರದ ಮರವನ್ನು ಐವತ್ತೆಂಟರಲ್ಲಿ ಕಡಿದರು. ಅದರ ಕೊಂಬೆಗಳನ್ನು ನಾನೇ ಒಲೆಗೆ ಹಾಕಿದ್ದೇನೆ.

ಅವತ್ತು ಬತ್ತಿಸ್ತೀನೊ ಬೀರು ಹೇರಿಕೊಂಡು ಹೊರಟ, ನೀನು ಅಂಗಡಿಗೆ ಹೋದೆ. ಅಕ್ಕ ಬಾಗಿಲ ಹತ್ತಿರ ನಿಂತಿದ್ದಳು. “ಹೋದ್ಲಾ?” ಎಂದಳು. ಹೋದಳು ಎಂದೆ. “ಬಾಗಿಲು ಹಾಕು” ಎಂದು ಬೂಟು ಬಿಚ್ಚಿಟ್ಟಳು. ಬರಿಗಾಲಿನಲ್ಲಿ ನಡೆದಳು. ಉದ್ದದ ಪಡಸಾಲೆ, ಎಡಕ್ಕೆ, ಕೆಳಗೆ ಎರಡು ಮೆಟ್ಟಿಲು, ಅಡುಗೆಮನೆ. ಎಲ್ಲೂ ಕೈ ಚಾಚಲಿಲ್ಲ. ಮಂಚವಿದ್ದ ಮೂಲೆಗೆ ಹೋಗಿ ಗೋಡೆಗೆ ಎರಡೂ ಅಂಗೈ ಒತ್ತಿದಳು.

“ಇನ್ನೂ ಬೆವರತ್ತೆ ಕಣೋ ಇದು. ಕಲೆ ಎಷ್ಟಗಲ ಆಗಿದೆ?”

“ನಿನ್ನೆದುರಿಗೇ ಇದೆ, ನೋಡೇ. ಕಾಣಲ್ವಾ?” ಎಂದೆ, ತಮಾಷೆಗೆ.

“ಇಲ್ಲ.”

“ಏನಿಲ್ಲ?”

“ಏನೂ ಇಲ್ಲ. ಜುಲೈಯಿಂದ.”

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಸ್ಟೇಷನ್ನಿನಲ್ಲಿ ಅವಳು ಬತ್ತಿಸ್ತೀನೊನನ್ನೇ ನಾನೆಂದುಕೊಂಡದ್ದು ನೆನಪಾಯಿತು. ಕಮಾನಿನ ಕೆಳಗೆ ನೀನು “ಅಮ್ಮ, ಮೇಲೆ ನೋಡಿ” ಎಂದಾಗ ಅವಳು ಕತ್ತೆತ್ತುವುದು ಒಂದು ಕ್ಷಣ ತಡವಾದದ್ದೂ ನೆನಪಾಯಿತು. ಮಗಳಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

“ಹೇಳಿದ್ರೆ ಕೆಲಸ ಬಿಟ್ಟು ನನ್ನ ಕೈ ಹಿಡ್ಕೊಂಡು ಕೂತ್ಬಿಡ್ತಾಳೆ. ಅವಳಿಗೆ ತೂಲೋನ್‌ನಲ್ಲಿ ದೊಡ್ಡ ಅಂಗಡಿ ಕೊಡ್ತಾರಂತೆ. ನಾನು ಅಡ್ಡ ಬೀಳ್ಲಾ?”

“ಅಲ್ವೇ, ನೋಡೋಕಾಗಲ್ಲ ಅಂದ್ಮೇಲೆ ಇಷ್ಟು ದೂರ ಯಾಕೆ ಬಂದೆ? ಅದೂ ಮನೆ ಖಾಲಿ ಮಾಡೋ ದಿನ?”

“ನೀನು ದಡ್ಡ, ಮೊದಲಿಂದ್ಲೂ. ಸಾಮಾನು ತುಂಬಿದ ಮನೇಲಿ ನಾನು ಎಡವಿ ಬೀಳ್ತಿದ್ದೆ. ನೀನು ಏನನ್ನ ಎಲ್ಲಿಟ್ಟಿದೀಯೋ ನನಗೇನು ಗೊತ್ತು? ಒಂದೇ ನಿಮಿಷದಲ್ಲಿ ಅವಳಿಗೆ ತಿಳಿದುಬಿಡ್ತಿತ್ತು. ಖಾಲಿ ಮನೆ ನಂದು ಕಣೋ. ಗೋಡೆ ಗೋಡೆ ಇದ್ದಲ್ಲೇ ಇರತ್ತೆ. ಸಾನ್ ಮಾರ್ತಿನೊ ಅಂತ ನೀನು ಬರೆದಾಗ ದೇವರೇ ಬರೆಸಿದ ಅನ್ನಿಸ್ತು ನನಗೆ.”

ಆಮೇಲೆ ಯಾರಿಗೂ ಹೇಳುವುದಿಲ್ಲ ಎಂದು ನಮ್ಮಮ್ಮನ ಹೆಸರಿನಲ್ಲಿ ಆಣೆ ಹಾಕಿಸಿಕೊಂಡಳು. ನಿನ್ನ ಹೆಜ್ಜೆ ಕೇಳಿದ್ದೇ ಬೂಟು ಹಾಕಿಕೊಂಡು, ನಿನಗೆ ಕೇಳಲಿ ಎಂದೇ ಎದುರುಗೋಡೆಯ ಕಡೆ ತಿರುಗಿ “ಸುಣ್ಣ ಎಷ್ಟು ಹಳದಿ ಆಗಿದೆ ನೋಡೋ!” ಎಂದಳು. ಆ ಗೋಡೆಗೆ ನಾನು ಎಪ್ಪತ್ತೈದರಲ್ಲಿ ಹಸಿರು ಬಣ್ಣ ಹೊಡೆದಿದ್ದೆ. ನೀನು ನಕ್ಕೆ, ಏನೋ ನಮ್ಮ ಕಡೆಯ ತಮಾಷೆ ಎಂದುಕೊಂಡಿರಬೇಕು. ನನಗೆ ಅಳು ಬಂತು. ಬೀರು ಹೊತ್ತ ಬೆವರು ಎಂದು ನೀನು ಕರ್ಚೀಫು ಕೊಟ್ಟೆ.

ಮಾತು ಉಳಿಸಿಕೊಳ್ಳಬೇಕೆಂದೇ ಇದ್ದೆ. ಬಾಣಲೆಯ ಎಣ್ಣೆಯ ವಿಷಯ ಓದಿದ ಮೇಲೆ ಆಗಲಿಲ್ಲ. ಕಲಿಸುವ ಆ ಹೆಂಗಸನ್ನು ನಾಳೆಯೇ ಕರೆಸು. ತೂಲೋನ್ ಕೆಲಸವನ್ನು ಮಾತ್ರ ಬಿಡಬೇಡ. ಬಿಟ್ಟರೆ ಅವಳು ಪಟ್ಟ ಪಾಡೆಲ್ಲ ನೀರುಪಾಲು. ಅವಳು ನನ್ನನ್ನು ಕ್ಷಮಿಸುವುದಿಲ್ಲ ಎಂದು ಗೊತ್ತು.

ಸೆಕೊಂಡೊ


ಸೂಸಾ
23 ಡಿಸೆಂಬರ್ 1983

ಒದೀಲ್‌,

ಪತ್ರ ತಲುಪಿತೋ ಇಲ್ಲವೋ ತಿಳಿಯಲಿಲ್ಲ. ಹಬ್ಬದ ಕಾರ್ಡು ಇದರ ಜೊತೆಗಿದೆ. ಈ ಸಲ ಮಗುವಿಗೆ ಎಂದು ಬರೆದಿಲ್ಲ. ಬೈಯುವುದಿದ್ದರೆ ಬೈದಾದರೂ ಬರೆಯಿರಿ.

ಸೆಕೊಂಡೊ


ಮಾರ್ಸೇಲ್ಸ್
8 ಫೆಬ್ರವರಿ 1984

ಪ್ರೀತಿಯ ಮಾವ,

ತಡಮಾಡಿದ್ದಕ್ಕೆ ಕ್ಷಮಿಸಿ. ಬರೆಯಲು ಕೂತಾಗಲೆಲ್ಲ ನಿಮ್ಮ ಮೇಲೋ ಅಮ್ಮನ ಮೇಲೋ ಕೋಪ ಬರುತ್ತಿತ್ತು, ಕಡೆಗೆ ನನ್ನ ಮೇಲೆಯೇ. ಒಂದೇ ಮನೆಯಲ್ಲಿ, ಒಂದೇ ಮೇಜಿನಲ್ಲಿ ಉಣ್ಣುತ್ತ ಜುಲೈಯಿಂದ ನವೆಂಬರಿನವರೆಗೆ ನನಗೆ ತಿಳಿಯಲಿಲ್ಲ. ಅಂಗಡಿಯಲ್ಲಿ ದಿನಕ್ಕೆ ಐವತ್ತು ಜನರ ಮುಖ ನೋಡಿ ಕಾಯಿಲೆ ಹೇಳುವವಳು ನಾನು.

ನಿಮ್ಮ ಪತ್ರ ಬಂದ ದಿನವೇ ಅಮ್ಮನ ಎದುರು ಕೂತು ಕೇಳಿದೆ. ಮೊದಲು “ಅವನು ಸುಳ್ಳುಗಾರ” ಎಂದರು. ನಾನು ಮೇಜಿನ ಮೇಲೆ ಒಂದು ಸೇಬು ಇಟ್ಟು, ಮುಟ್ಟದೆ ಇದೇನು ಹೇಳಿ ಎಂದೆ. ಆಮೇಲೆ ಎದ್ದು ಒಳಗೆ ಹೋದರು. ಅವತ್ತಿನಿಂದ ಮೂರು ವಾರ ನನ್ನ ಜೊತೆ ಮಾತಿಲ್ಲ. ಹಾಗೆ ಪರೀಕ್ಷೆ ಮಾಡಬಾರದಿತ್ತು, ಈಗಲೂ ಅದು ನನ್ನನ್ನು ಚುಚ್ಚುತ್ತದೆ.

ಕಲಿಸುವ ಹೆಂಗಸು ಬಂದರು. ಬಿಳೀ ಕೋಲನ್ನು ಅಮ್ಮ ಮೊದಲ ದಿನ ಬಾಲ್ಕನಿಯಿಂದ ಕೆಳಗೆ ಎಸೆದರು, ಎರಡನೇ ದಿನವೂ ಎಸೆದರು. ಮೂರನೇ ದಿನ ಆಕೆ ಕೋಲು ತರಲೇ ಇಲ್ಲ, ಈರುಳ್ಳಿ ತಂದರು. ಇಬ್ಬರೂ ಕೂತು ಹೆಚ್ಚಿದರು. ಈಗ ಅಮ್ಮ ಬ್ರೆಡ್ಡಿನ ಅಂಗಡಿಯವರೆಗೆ ಕೋಲು ಹಿಡಿದು ಹೋಗಿ ಬರುತ್ತಾರೆ, ದಾರಿಯಲ್ಲಿ ಅಡ್ಡ ನಿಲ್ಲಿಸಿದ ಸೈಕಲ್ಲಿನವರನ್ನು ನಿಮ್ಮ ಭಾಷೆಯಲ್ಲಿ ಬೈಯುತ್ತಾರೆ. ನಾನು ತೂಲೋನ್‌ಗೆ ಹೋಗುತ್ತಿದ್ದೇನೆ. ಆ ಮೂರು ದಿನ ಕೆಳಗಿನ ಮನೆಯವರು ರಾತ್ರಿ ಜೊತೆಗೆ ಮಲಗುತ್ತಾರೆ.

ನಿಮ್ಮ ಹೆಸರನ್ನು ಅವರು ಎತ್ತಿರಲಿಲ್ಲ. ನಿನ್ನೆ ತಾವಾಗಿಯೇ ಕರೆದು, ನಾನು ಹೇಳಿದ ಹಾಗೇ ಬರಿ, ಒಂದಕ್ಷರ ಬದಲಿಸಬೇಡ ಎಂದರು. ಬರೆಯುತ್ತಿದ್ದೇನೆ:

“ಸೆಕೊಂಡೊ, ನಿನ್ನ ಬಾಯಲ್ಲಿ ಒಂದು ಮಾತು ನಿಲ್ಲಲ್ಲ. ಅಮ್ಮನ ಮೇಲೆ ಆಣೆ ಇಟ್ಟೂ ಹೇಳ್ದೆ, ಆ ಪಾಪ ನಿಂದು. ನಿನ್ನ ಹೊಸ ಮನೇಗೆ ನಾನು ಬಂದು ಹೋದೆ, ಲಿಫ್ಟು, ಪೇಂಟ್ ವಾಸನೆ, ಅಷ್ಟೇ ಗೊತ್ತು ನನಗೆ. ಅಲ್ಲಿ ಕಿಟಕಿ ಇದೆಯಲ್ಲ, ಅದ್ರಲ್ಲಿ ಏನು ಕಾಣತ್ತೆ ಅಂತ ಬರಿ. ನಾನು ಬೇಜಾರು ಮಾಡ್ಕೋತೀನಿ ಅಂತ ಚೆಂದ ಮಾಡಿ ಬರೀಬೇಡ. ಸುಳ್ಳು ಬರೆದ್ರೆ ಒದೀಲ್ ಓದೋ ದನಿಯಲ್ಲೇ ನನಗೆ ಗೊತ್ತಾಗತ್ತೆ.”

ಒದೀಲ್


ಸೂಸಾ
19 ಫೆಬ್ರವರಿ 1984

ಅಕ್ಕಾ,

ಒದೀಲ್ ಇದನ್ನು ನಿಧಾನವಾಗಿ ಓದಲಿ. ನಾನೂ ನಿಧಾನವಾಗಿ ಬರೆದಿದ್ದೇನೆ. ಮೂರು ತಿಂಗಳಿಂದ ಈ ಕಿಟಕಿಯ ಮುಂದೆ ಕೂತಿದ್ದೆ, ನೀನು ಕೇಳಿದ ಮೇಲೆಯೇ ನೋಡಿದ್ದು. ಅಲ್ಲಿಯವರೆಗೆ ಹಳೇ ಕಿಟಕಿಯನ್ನೇ ನೆನೆಸಿಕೊಂಡು ಕೂತಿರುತ್ತಿದ್ದೆ.

ಕೆಳಗೆ ಕಾರು ನಿಲ್ಲಿಸುವ ಜಾಗ. ಇವತ್ತು ಏಳು ಕಾರುಗಳಿವೆ. ಒಂದರ ಟೈರು ಕ್ರಿಸ್‌ಮಸ್ಸಿನಿಂದ ಗಾಳಿಯಿಲ್ಲದೆ ಕೂತಿದೆ. ಅದರ ಯಜಮಾನ ದಿನಾ ಬೆಳಗ್ಗೆ ಬಂದು ನೋಡಿ, ಒಮ್ಮೆ ಒದ್ದು, ಬಸ್ಸಿಗೆ ಹೋಗುತ್ತಾನೆ. ಎಡಗಡೆ ಕಸದ ತೊಟ್ಟಿ. ಬಲಗಡೆ ಬಟ್ಟೆ ಒಣಗಿಸುವ ತಂತಿ, ಈಗ ಅದರ ಮೇಲೆ ಬರೀ ಕ್ಲಿಪ್ಪುಗಳಿವೆ. ಮೊದಲ ಮಹಡಿಯ ಹೆಂಗಸು ಚಾಪೆ ಕೊಡವುವಾಗ ತಪ್ಪದೆ ಮೇಲೆ ನೋಡಿ ಕೈ ಬೀಸುತ್ತಾಳೆ. ನಾನೂ ಬೀಸುತ್ತೇನೆ. ಹೆಸರು ಗೊತ್ತಿಲ್ಲ. ನಲವತ್ತರ ಆಸುಪಾಸು. ಒದೀಲ್, ನಗಬೇಡ.

ಆಮೇಲೆ ನದಿಯ ದಡದ ಕಬ್ಬಿಣದ ಬೇಲಿ. ನೀರು ಕಾಣುವುದಿಲ್ಲ, ಸದ್ದು ಕೇಳುತ್ತದೆ. ಅದರಾಚೆ ಊರಿನ ಛಾವಣಿಗಳು. ಹತ್ತರಲ್ಲಿ ಆರು ನಾನು ಹೊದಿಸಿದವು. ಮಿಕ್ಕ ನಾಲ್ಕು ಸೋರುತ್ತಿರಬೇಕು. ನಮ್ಮ ಮನೆಯ ಛಾವಣಿಯನ್ನೂ ಹುಡುಕಿದೆ. ಗಂಟೆಗೋಪುರ ಅಡ್ಡ ಬರುತ್ತದೆ, ಅದು ಇಲ್ಲಿಂದ ಕಾಣುವುದಿಲ್ಲ. ಕುರ್ಚಿಯ ಮೇಲೆ ಹತ್ತಿ ನಿಂತೂ ನೋಡಿದೆ.

ಆಣೆ ಮುರಿದದ್ದಕ್ಕೆ ಕ್ಷಮೆ ಕೇಳುವುದಿಲ್ಲ. ನೀನು ಸುಟ್ಟುಕೊಂಡು ಬಿದ್ದಿದ್ದೀಯ ಎಂಬ ತಂತಿ ಬರುವುದಕ್ಕಿಂತ ನಿನ್ನ ಬೈಗುಳ ಬರುವುದು ನನಗೆ ಬೇಕಾಗಿತ್ತು. ನೀನಿಲ್ಲದೆ ನನಗೆ ಬೈಯುವವರು ಯಾರೂ ಇಲ್ಲ.

ರೊಚ್ಚಮೆಲೋನೆ ಬೆಟ್ಟ ಎಲ್ಲಿ, ಅದನ್ನು ಯಾಕೆ ಬರೆದಿಲ್ಲ ಎಂದು ಕೇಳುತ್ತೀಯೆ, ಗೊತ್ತು. ಕಿಟಕಿಯ ನೇರಕ್ಕೇ ಇದೆ. ಬರೆಯೋಣವೆಂದು ನಾಲ್ಕು ದಿನದಿಂದ ಕಾಯುತ್ತಿದ್ದೇನೆ, ಮಂಜು ಎದ್ದಿಲ್ಲ. ನೆನಪಿನಿಂದ ಬರೆಯಬಹುದಿತ್ತು, ನೀನು ಸುಳ್ಳು ಬೇಡವೆಂದೆ. ಬೆಟ್ಟ ಕಾಣುತ್ತಿಲ್ಲ ಅಕ್ಕಾ, ನನಗೂ.

ಸೆಕೊಂಡೊ